ಗೂಬೆಮರಿಗೊಂದು ಒರಟು ಏಣಿ

"ಹೊಳೆ ಪಕ್ಕದ ಪೆಟ್ಟಿಗೆಯಿಂದ ಮಾತ್ರ ಮರಿಗಳು ಹೊರಗೆ ಬರ್ತಿಲ್ಲ ಮೇಸ್ತ್ರಿ," ಎನ್ನುತ್ತಲೇ ಅರಣ್ಯ ಇಲಾಖೆಯ ಗಾರ್ಡಕ್ಕ ಬಡಗಿ ಅಂಗಡಿಯೊಳಗೆ ಬಂದಳು. ಟೋಪಿ ತೆಗೆದು ಎದುರಿಗಿದ್ದ ಕುರ್ಚಿಯ ಮೇಲೆ ಕೂರಲು ಹೋದಳು.

"ಅದಕ್ಕಿನ್ನೂ ಒಂದು ಕಾಲು ಹಾಕಿಲ್ಲ," ಎಂದರು ತಾತ.

ಗಾರ್ಡಕ್ಕ ಗಕ್ಕನೆ ನೆಟ್ಟಗಾದಳು. ಮೂಲೆಯಲ್ಲಿ ಕೂತು ಸ್ಟೂಲಿನ ಕಾಲು ಉಜ್ಜುತ್ತಿದ್ದ ಮೊಮ್ಮಗಳು ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗಲಿಲ್ಲ. ಹೊಳೆ ಪಕ್ಕದ ಪೆಟ್ಟಿಗೆ ಎಂದ ಕೂಡಲೇ ಅವಳ ಕೈ ನಿಂತುಹೋಗಿತ್ತು.

ಶಾಲೆಯಲ್ಲಿ ಎಲ್ಲರೂ ಅವಳನ್ನು ಪುಡಿ ಎಂದೇ ಕರೆಯುತ್ತಿದ್ದರು. ತಾತನ ಅಂಗಡಿಯ ಮರದ ಪುಡಿ ಅವಳ ಜಡೆಯಲ್ಲಿ, ಬ್ಯಾಗಿನಲ್ಲಿ, ಒಮ್ಮೊಮ್ಮೆ ಟಿಫಿನ್ ಬಾಕ್ಸಿನಲ್ಲೂ ಇರುತ್ತಿತ್ತು. ಹಾಗೆ ಕರೆದರೆ ಅವಳಿಗೆ ಬೇಜಾರಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ.

ಊರ ಹಿಂದೆ ಒಂದು ಕಾಡು. ಒಂದು ಕಾಲಕ್ಕೆ ಸಂಜೆಯಾದರೆ ಸಾಕು, ಆ ಕಾಡಿನ ಈ ಮರದಿಂದ ಒಂದು ಗೂಬೆ 'ಹೂ' ಅಂದರೆ ಆ ಮರದಿಂದ ಇನ್ನೊಂದು 'ಹೂ' ಅನ್ನುತ್ತಿತ್ತಂತೆ. ಮುದಿ ಮರಗಳ ಪೊಟರೆಯೇ ಅವುಗಳ ಮನೆ. ಮುದಿ ಮರಗಳನ್ನೆಲ್ಲ ಕಡಿದರು. ಪೊಟರೆ ಹೋಯಿತು, ಪೊಟರೆಯ ಹಿಂದೆ ಗೂಬೆಗಳೂ ಹೋದವು. ಒಂದು ಹೊತ್ತು ಬಂತು, ಸಂಜೆ ಕಾಡು ಕರೆಂಟು ಹೋದ ಮನೆಯ ಹಾಗೆ ಸುಮ್ಮನಾಗಿಬಿಟ್ಟಿತು.

ಆಮೇಲೆ ಜನಕ್ಕೆ ಬುದ್ಧಿ ಬಂತು. ಕಡಿಯುವುದು ನಿಂತಿತು, ಹೊಸ ಸಸಿ ನೆಟ್ಟರು. ಆದರೆ ಸಸಿ ಬೆಳೆದು, ಮುದಿಯಾಗಿ, ಅದರಲ್ಲಿ ಪೊಟರೆಯಾಗುವುದು ಯಾವ ಕಾಲಕ್ಕೆ? ಅಲ್ಲಿಯವರೆಗೆ ಗೂಬೆ ಎಲ್ಲಿರಬೇಕು? ಅದಕ್ಕೇ ತಾತ ಮರದ ಪೆಟ್ಟಿಗೆ ಮಾಡಿಕೊಟ್ಟರು, ಗಾರ್ಡಕ್ಕ ಅವನ್ನು ಮರಗಳಿಗೆ ಕಟ್ಟಿದಳು. ಈಗ ಮತ್ತೆ ಅಲ್ಲೊಂದು ಇಲ್ಲೊಂದು 'ಹೂ' ಕೇಳುತ್ತಿತ್ತು.

"ಬೇರೆ ಪೆಟ್ಟಿಗೆಗಳ ಮರಿಗಳು ಆಗಲೇ ಕೊಂಬೆ ಮೇಲೆ ಕೂತು ಜಗಳ ಆಡ್ತಿವೆ," ಎಂದಳು ಗಾರ್ಡಕ್ಕ. "ಇಲ್ಲಿ ಅಮ್ಮಗೂಬೆ ಇಲಿ ಹಿಡ್ಕೊಂಡು ಎದುರಿನ ಕೊಂಬೇಲಿ ಕೂತು ಕರೆಯುತ್ತೆ. 'ಹೊರಗೆ ಬಂದ್ರೆ ಊಟ, ಇಲ್ಲಾಂದ್ರೆ ಇಲ್ಲ' ಅನ್ನೋ ಹಾಗೆ. ಒಳಗೆ ಚರಚರ ಅಂತ ಸದ್ದು. ಆಮೇಲೆ ಧೊಪ್. ಮತ್ತೆ ಚರಚರ, ಮತ್ತೆ ಧೊಪ್."

"ಪೆಟ್ಟಿಗೇಲಿ ಏನಾದರೂ ತಪ್ಪಾಯ್ತಾ ತಾಯಿ?"

"ನಿಮ್ಮ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಿಲ್ಲ ಮೇಸ್ತ್ರಿ," ಎಂದು ಗಾರ್ಡಕ್ಕ ನಕ್ಕಳು. ನಗು ಅಲ್ಲೇ ಆರಿತು. "ಕಾರಣ ಗೊತ್ತಿಲ್ಲದೆ ಗೂಡು ತೆರೆಯೋ ಹಾಗಿಲ್ಲ. ತಾಯಿ ಬೆದರಿ ಬಿಟ್ಟುಹೋದ್ರೆ? ಇನ್ನೊಂದು ವಾರ ನೋಡೋಣ ಅಂತಿದ್ದಾರೆ ನಮ್ಮ ಸಾಹೇಬರು. ಅಷ್ಟರಲ್ಲಿ ಮರಿಗಳು ಹಸಿದು ಸೋತುಹೋಗದಿದ್ರೆ ಸಾಕು."

ಆ ಚರಚರ ಏನೆಂದು ಪುಡಿಗೆ ಗೊತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಸುಮ್ಮನಿದ್ದರೆ ಇನ್ನೊಂದು ವಾರ.

"ತಾತ," ಎಂದಳು. "ಅದರ ಒಳಗೆ ನಾನು ಸ್ಯಾಂಡ್‌ಪೇಪರ್ ಹಾಕಿದ್ದೆ."

"ಯಾವುದರ ಒಳಗೆ?"

"ಹೊಳೆ ಪಕ್ಕಕ್ಕೆ ಅಂತ ಇಟ್ಟಿದ್ದ ಪೆಟ್ಟಿಗೆ ಒಳಗೆ. ನೀನು ಊಟಕ್ಕೆ ಹೋಗಿದ್ದಾಗ. ಚೆನ್ನಾಗಿ ಉಜ್ಜಿ, ಪಾಲಿಶೂ ಹೊಡೆದೆ. ಗಾಜಿನ ಥರ ಆಗಿತ್ತು."

ತಾತ ಕನ್ನಡಕ ತೆಗೆದರು. "ಒಳಗೆ ಒರಟಾಗೇ ಇರಲಿ ಅಂತ ಈ ತಾಯಿ ಹೇಳಿದ್ದಳಲ್ಲೇ. ನಾನು ಬೇಕಂತಲೇ ಹಾಗೆ ಬಿಟ್ಟಿದ್ದೆ."

"ನಂಗೆ ಗೊತ್ತಿರಲಿಲ್ಲ. ನೀನು ಮರೆತೆ ಅಂದ್ಕೊಂಡೆ." ಪುಡಿಯ ದನಿ ಸಣ್ಣಗಾಯಿತು. "ಕಾಣದ ಕಡೆ ಕೆಲಸ ಕದೀಬಾರದು ಅಂತ ನೀನೇ ಹೇಳ್ತೀಯಲ್ಲ. ಬೀರುವಿನ ಹಿಂದೂ ಉಜ್ಜು, ಮೇಜಿನ ಕೆಳಗೂ ಉಜ್ಜು ಅಂತ. ಯಾರಾದ್ರೂ ಒಳಗೆ ನೋಡಿದ್ರೆ ನಿನ್ನ ಹೆಸರು ಕೆಡುತ್ತೆ ಅಂತ ನಾನೇ ಉಜ್ಜಿದೆ. ಮರಿಗಳಿಗೆ ಸಿಬಿರು ಚುಚ್ಚಬಾರದು ಅಂತಲೂ."

ಬೈಯೋಣವೆಂದರೆ ಅರ್ಧ ತಪ್ಪು ತಾತನದೇ ಆಗಿತ್ತು.

"ಅಯ್ಯೋ ಮಗೂ," ಎಂದರು. "ದೇವರು ಇಷ್ಟೊಂದು ಪೊಟರೆ ಮಾಡಿದ್ದಾನಲ್ಲ, ಯಾವುದಕ್ಕಾದರೂ ಪಾಲಿಶ್ ಹೊಡೆದಿದ್ದಾನಾ?"

ಗಾರ್ಡಕ್ಕ ಆಗಲೇ ಫೋನಿನಲ್ಲಿದ್ದಳು. "ಸರ್, ಕಾರಣ ಸಿಕ್ತು. ಒಳಗೆ ಜಾರುತ್ತೆ. ಉಗುರು ನಿಲ್ತಿಲ್ಲ. ಹೌದು ಸರ್, ಇವತ್ತೇ." ಫೋನ್ ಇಟ್ಟು ಪುಡಿಯ ಕಡೆ ತಿರುಗಿದಳು. "ನೀನು ಹೇಳದೇ ಇದ್ದಿದ್ರೆ ನಾನು ತಲೆ ಕೆರ್ಕೊಂಡೇ ಇರ್ತಿದ್ದೆ."

"ಮರಿಗಳನ್ನ ಎತ್ತಿ ಹೊರಗೆ ಇಟ್ಬಿಡಿ ಅಕ್ಕ."

"ಇಡಬಹುದು. ಮಳೆ ಬಂದ್ರೆ ಮತ್ತೆ ಒಳಗೆ ಹೋಗಿ ಹೊರಗೆ ಬರೋದು ಹೇಗೆ? ದಿನಾ ನಾನೇ ಎತ್ತಿಡಬೇಕಾಗುತ್ತೆ."

"ಒಂದು ಏಣಿ ಬೇಕು," ಎಂದರು ತಾತ. "ಒಳಗಡೆ ನಿಲ್ಲಿಸೋಕೆ ಒಂದು ಒರಟು ಹಲಗೆ."

ಹಲಗೆ ಸಿಕ್ಕಿತು. ತೊಂದರೆ ಇದ್ದದ್ದು ತಾತನ ಕೈಯಲ್ಲಿ. ಅವರು ಗರಗಸದಿಂದ ಅಡ್ಡಕ್ಕೆ ಗೀರು ಹಾಕಿದರು. ಒಂದೊಂದೂ ಸ್ಕೇಲ್ ಇಟ್ಟು ಎಳೆದ ಹಾಗೆ ಬಂತು. ಅಷ್ಟಾದರೆ ಪರವಾಗಿಲ್ಲ, ಒಂದು ಗೀರು ಹಾಕುವುದು, ಹೆಬ್ಬೆರಳಿನಿಂದ ಸವರಿ ನೋಡುವುದು, ಅಂಚು ಕೈಗೆ ತಾಗಿದರೆ ತಡೆಯಲಾರದೆ ಅರದಿಂದ ಉಜ್ಜಿಬಿಡುವುದು.

"ತಾತ, ಉಜ್ಜಬೇಡ."

"ನಾನೆಲ್ಲಿ ಉಜ್ಜಿದೆ?"

"ಈಗ ಉಜ್ಜಿದೆಯಲ್ಲ. ಮತ್ತೆ ಉಜ್ತಾ ಇದ್ದೀಯ."

ತಾತ ತಮ್ಮ ಕೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡರು. ಗರಗಸವನ್ನು ಅವಳಿಗೆ ಕೊಟ್ಟರು. "ನನ್ನಿಂದ ಆಗಲ್ಲ. ನೀನೇ ಮಾಡು."

ಪುಡಿ ಹಲಗೆಯ ಮೇಲೆ ಮೊಣಕಾಲೂರಿದಳು. ಸೊಟ್ಟಗೆ ಒಂದು ಗೀರು, ಆಳಕ್ಕೆ ಒಂದು, ಒಂದರ ಮೇಲೆ ಇನ್ನೊಂದು. ಉಳಿಯಿಂದ ನಡುನಡುವೆ ಚಕ್ಕೆ ಎಬ್ಬಿಸಿದಳು. ಕೈ ನೋಯತೊಡಗಿದರೂ ನಿಲ್ಲಿಸಲಿಲ್ಲ. ಮುಗಿಸಿ ಎತ್ತಿ ಹಿಡಿದಾಗ ಅದು ಹೆಗ್ಗಣ ಕಡಿದ ಹಲಗೆಯ ಹಾಗಿತ್ತು.

"ನಮ್ಮ ಅಂಗಡಿಯಿಂದ ಇಷ್ಟು ಕೆಟ್ಟ ಕೆಲಸ ಹೊರಗೆ ಹೋಗ್ತಾ ಇರೋದು ಇದೇ ಮೊದಲು," ಎಂದರು ತಾತ.

"ತುಂಬಾ ಚೆನ್ನಾಗಿ ಕೆಟ್ಟಿದೆ," ಎಂದಳು ಗಾರ್ಡಕ್ಕ. "ಜೀಪ್ ಹತ್ತಿ."

ಹೊಳೆಯ ಪಕ್ಕದ ಮರಕ್ಕೆ ಏಣಿ ಒರಗಿಸಿ ಗಾರ್ಡಕ್ಕ ಹೆಲ್ಮೆಟ್ ಹಾಕಿಕೊಂಡಳು.

"ಬೈಕ್ ಇಲ್ಲವಲ್ಲ ಅಕ್ಕ," ಎಂದಳು ಪುಡಿ.

"ಅಮ್ಮಗೂಬೆ ನೆತ್ತಿ ಮೇಲೆ ಬಂದು ಗೀರಿದ್ರೆ ಗೊತ್ತಾಗುತ್ತೆ ನಿಂಗೆ." ಮೆಲ್ಲಗೆ ಹತ್ತಿ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದಳು. ಒಳಗಿನಿಂದ ಟಕಟಕ, ಟಕಟಕ ಎಂದು ಕೊಕ್ಕು ಬಡಿಯುವ ಸದ್ದು. "ಇಬ್ಬರಿದ್ದಾರೆ," ಎಂದು ಪಿಸುಗುಟ್ಟಿದಳು. "ಚೋಟುದ್ದ ಇಲ್ಲ, ನಂಗೇ ಹೆದರಿಸ್ತಾರೆ." ಹಲಗೆಯನ್ನು ಒಳಗೆ ನಿಲ್ಲಿಸಿ ಮೊಳೆ ಹೊಡೆಯದೆ ಸ್ಕ್ರೂ ಬಿಗಿದಳು. ಬಾಗಿಲು ಮುಚ್ಚಿ ಇಳಿದಳು.

ಮೂವರೂ ದೂರದ ಪೊದೆಯ ಹಿಂದೆ ಕೂತರು. ತಾತ ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆಯೋ ನಿದ್ದೆಯೋ ಹೇಳುವುದು ಕಷ್ಟ. ಪುಡಿಗೆ ಯಾವ ಪ್ರಾರ್ಥನೆಯೂ ಸರಿಯಾಗಿ ನೆನಪಾಗಲಿಲ್ಲ. 'ಹತ್ತಿಸಪ್ಪ, ಹತ್ತಿಸು' ಎಂದಷ್ಟೇ ಅಂದುಕೊಂಡಳು.

ಸಂಜೆ ಬಿಸಿಲು ಮರದ ತುದಿಗೆ ಏರಿತು. ಅಮ್ಮಗೂಬೆ ಸದ್ದಿಲ್ಲದೆ ಬಂದು ಎದುರಿನ ಕೊಂಬೆಯ ಮೇಲೆ ಕೂತು ಕರೆಯಿತು. ಪೆಟ್ಟಿಗೆಯೊಳಗೆ ಚರಚರ.

ಪುಡಿ ಧೊಪ್ ಎನ್ನುವುದಕ್ಕೆ ಕಾದಳು. ಧೊಪ್ ಎನ್ನಲಿಲ್ಲ.

ತೂತಿನಲ್ಲಿ ಮೊದಲು ಒಂದಿಷ್ಟು ಬಿಳಿ ತುಪ್ಪುಳ ಕಂಡಿತು, ಆಮೇಲೆ ಎರಡು ದೊಡ್ಡ ಕಣ್ಣು. ಯಾರೋ ಬಲವಂತವಾಗಿ ಎಬ್ಬಿಸಿ ಶಾಲೆಗೆ ಕಳಿಸಿದ ಹಾಗಿತ್ತು ಮುಖ. ಮರಿ ಲೋಕವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿತು. ಮತ್ತೂ ನೋಡುತ್ತಿತ್ತೇನೋ, ಹಿಂದಿನಿಂದ ಇನ್ನೊಂದು ನೂಕಿತು. ಎರಡೂ ಒಟ್ಟಿಗೆ ಕೊಂಬೆಯ ಮೇಲೆ ಬಂದು ತಡವರಿಸಿ ನಿಂತವು. ಅಮ್ಮ ಇಲಿ ಕೊಟ್ಟಳು.

"ಜಗಳ ಶುರು," ಎಂದಳು ಗಾರ್ಡಕ್ಕ ಕಣ್ಣೊರೆಸಿಕೊಳ್ಳುತ್ತಾ.

ತಾತ ಪುಡಿಯ ತಲೆಯ ಮೇಲೆ ಕೈಯಿಟ್ಟರು.

ಮಾರನೆಯ ದಿನ ಶಾಲೆ ಮುಗಿಸಿ ಬಂದಾಗ ಅಂಗಡಿಯಲ್ಲಿ ಒಂದು ಹೊಸ ಮಣೆ ಕಾಯುತ್ತಿತ್ತು. ತಾತ ಸ್ಯಾಂಡ್‌ಪೇಪರ್ ಮುಂದೆ ಹಿಡಿದರು. ಪುಡಿ ತೆಗೆದುಕೊಂಡಳು, ಆದರೆ ಕೂರಲಿಲ್ಲ.

"ತಾತ, ಇದು ಯಾರಿಗೆ?"

"ಮೂಲೆ ಮನೆ ಅಜ್ಜಿಗೆ. ಬಚ್ಚಲಲ್ಲಿ ಕೂತು ಸ್ನಾನ ಮಾಡೋಕೆ. ಯಾಕೆ?"

ಪುಡಿ ಮಣೆಯ ಮೇಲೆ ಅಂಗೈ ಸವರಿ ನೋಡಿದಳು. ಸ್ಯಾಂಡ್‌ಪೇಪರನ್ನು ಅದರ ಮೇಲಿಟ್ಟು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ ಹೊರಟೆ, ಕೆಲಸ ಬಿಟ್ಟು?"

"ಉಜ್ಜಬೇಕಾ ಬೇಡ್ವಾ ಅಂತ ಅಜ್ಜೀನ ಕೇಳ್ಕೊಂಡು ಬರ್ತೀನಿ."