ಗೋದಲಿ ಬರಿದಾದ ಸಂಜೆ

ಬಾಗಿಲು ಒಂಚೂರು ಮುಂದೆ ಮಾಡಿ, ಹತ್ತಿರ ಬನ್ನಿ. ಇದು ಗಟ್ಟಿಯಾಗಿ ಹೇಳುವ ಕತೆಯಲ್ಲ. ಕಿವಿಗೆ ಬಿದ್ದದ್ದು ಹೊಟ್ಟೆಯಲ್ಲೇ ಇರಬೇಕು, ನೀರು ಸೇದುವ ಕಡೆ ಬಾಯಿ ಬಿಡಕೂಡದು. ಆಣೆ ಮಾಡಿದಿರಾ? ಹಾಗಾದರೆ ಕೇಳಿ.

ಬಲು ಹಿಂದೆ ಗರಿಕೆನಾಡು ಅಂತ ಒಂದು ರಾಜ್ಯವಿತ್ತು. ಕಣ್ಣು ಹಾಯುವಷ್ಟು ದೂರ ಹುಲ್ಲು, ಹುಲ್ಲಿನ ತುಂಬ ಕುದುರೆ. ಆ ನಾಡಿನ ಕುದುರೆಗಳಿಗೆ ಮಾತು ಬರುತ್ತಿತ್ತು. ಇಡೀ ದಿನ ಅಲ್ಲ, ಹೊತ್ತು ಹುಟ್ಟುವಾಗ ಒಂದೆರಡು ಮಾತು. ಆಡಿದರೆ ಕಂಡದ್ದನ್ನೇ ಆಡುತ್ತಿದ್ದವು, ಮುಚ್ಚಿಡುವುದು ಅವಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಕಳ್ಳರೂ ಕದ್ದು ಸೇರುವವರೂ ಲಾಯದ ಹತ್ತಿರ ಸುಳಿಯುತ್ತಿರಲಿಲ್ಲ.

ಆ ನಾಡಿನಲ್ಲಿ ಮುದ್ದೀರವ್ವ ಅಂತ ಕುದುರೆ ಸಾಕುವ ಹೆಂಗಸು ಇದ್ದಳು. ಮಕ್ಕಳಿಲ್ಲ. ಗಂಡ ಬುಕ್ಕಣ್ಣ ಎಣ್ಣೆ ಮಾರಲು ಬರುತ್ತಿದ್ದವಳ ಹಿಂದೆ ಗಡಿ ದಾಟಿ ಹೋದ. ಆ ಸುದ್ದಿಯನ್ನು ಬೀದಿಗೆ ಹಾಕಿದ್ದು ಬೇರೆ ಯಾರೂ ಅಲ್ಲ, ಅವಳದೇ ಬಿಳಿ ಕುದುರೆ ಬೆಳ್ಳಕ್ಕಿ. ಯಜಮಾನರು ಎಣ್ಣೆಯವಳ ಬುಟ್ಟಿ ಹೊತ್ತುಕೊಂಡು ಹೋದರು ಅಂತ ಬೆಳಗಾಗುತ್ತಲೇ ಹೇಳಿಬಿಟ್ಟಿತು. ಅದೂ ಪಕ್ಕದ ಮನೆ ಹೊಂಬಾಳಕ್ಕ ಒಲೆಗೆ ಬೆಂಕಿ ಕೇಳಲು ಬಂದು ನಿಂತಿದ್ದಾಗ. ಬುಟ್ಟಿ ಬೇರೆ ಹೊತ್ತನಂತೆ ನೋಡಿ, ಮನೆಯಲ್ಲಿ ಒಂದು ಚೊಂಬು ನೀರು ಎತ್ತಿಡದ ಗಂಡಸು.

ಕುದುರೆ ಸಾಕುವವರಲ್ಲಿ ಒಂದು ಪದ್ಧತಿಯಿತ್ತು. ಹೊತ್ತು ಮುಳುಗುವಾಗ ಲಾಯದ ಗೋದಲಿ ಬರಿದಾಗಿರಬಾರದು. ನೆನೆಸಿದ ಹುರುಳಿ ಕಾಣುತ್ತಿರಬೇಕು. ಬೀದಿಯಲ್ಲಿ ಹೋಗುವವರು ಬಗ್ಗಿ ನೋಡಿ, ಈ ಮನೆ ಬಾಳಿತು, ಆ ಮನೆ ಮುಳುಗಿತು ಅನ್ನುತ್ತಿದ್ದರು. ಗಂಡ ಹೋದ ಮೇಲೆ ಮುದ್ದೀರವ್ವ ಗೋದಲಿಗೆ ರಾಶಿ ರಾಶಿ ಸುರಿಯತೊಡಗಿದಳು. ಹುರುಳಿ ತುಳುಕಿ ನೆಲಕ್ಕೆ ಬೀಳಬೇಕು, ಹೊಂಬಾಳಕ್ಕನ ಕಣ್ಣಿಗೆ ಬೀಳಬೇಕು. ಕುದುರೆ ತಿಂದು ಬಿಟ್ಟದ್ದನ್ನು ತೆಗೆಯುತ್ತಿರಲಿಲ್ಲ, ಅದರ ಮೇಲೇ ಮತ್ತಷ್ಟು ಹಾಕುತ್ತಿದ್ದಳು.

ಆಗ ಹೆಗ್ಗಣಗಳು ಬಂದವು.

ನಮ್ಮ ನಿಮ್ಮ ಮನೆಯ ಹೆಗ್ಗಣವಲ್ಲ. ಕುರಿಮರಿಯಷ್ಟು ಗಾತ್ರ, ತಾಮ್ರದ ಉಗುರು. ಅವು ತೋಡಿದ ಬಿಲಗಳು ನಡೆದಾಡುತ್ತಿದ್ದವು. ಬೆಳಿಗ್ಗೆ ಬೇಲಿಯ ಪಕ್ಕ ಕಂಡ ಬಿಲ ಮಧ್ಯಾಹ್ನಕ್ಕೆ ಬಯಲಿನ ನಡುವೆ ಬಾಯಿ ತೆರೆದಿರುತ್ತಿತ್ತು. ಮಣ್ಣು ಹಾಕಿ ಮುಚ್ಚಿದರೆ ಪಕ್ಕಕ್ಕೆ ಸರಿದು ಮತ್ತೆ ತೆರೆಯುತ್ತಿತ್ತು. ಓಡುವ ಕುದುರೆ ಅದರಲ್ಲಿ ಕಾಲಿಟ್ಟರೆ ಮೂಳೆ ಮುರಿಯುತ್ತಿತ್ತು. ಮುರಿದ ಗಳಿಗೆಗೇ ಕುದುರೆ ಮಣ್ಣಿನ ಬೊಂಬೆಯಾಗುತ್ತಿತ್ತು. ಮಳೆ ಬಿದ್ದರೆ ಕರಗಿ ಹುಲ್ಲಿನ ಬುಡ ಸೇರುತ್ತಿತ್ತು.

ಮೊದಲು ಹೋದದ್ದು ಕಂದು ಮರಿ. ತಾಯಿ ಇಲ್ಲದ ಅದನ್ನು ಮುದ್ದೀರವ್ವ ಬಟ್ಟೆಯಲ್ಲಿ ಹಾಲು ಅದ್ದಿ ಚೀಪಿಸಿ ಬೆಳೆಸಿದ್ದಳು. ಮಳೆ ನಿಂತ ಮೇಲೆ ಆ ಕೆಸರನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಒಲೆಯ ಪಕ್ಕ ಇಟ್ಟುಕೊಂಡಳು. ಅಡುಗೆ ಮಾಡಲಿಲ್ಲ. ಸಂಜೆ ಎದ್ದು ಗೋದಲಿ ಮಾತ್ರ ತುಂಬಿದಳು.

ಮರುದಿನ ಹೊತ್ತು ಹುಟ್ಟುವಾಗ, ಹೊಂಬಾಳಕ್ಕ ಬಾಗಿಲಲ್ಲಿ ನಿಂತಿದ್ದ ಹಾಗೇ, ಗಬ್ಬವಾಗಿದ್ದ ಬೆಳ್ಳಕ್ಕಿ ಬಾಯಿ ಬಿಟ್ಟಿತು.

“ಅವ್ವ, ನಮ್ಮ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ತೆಗೆದುಬಿಡು. ಹೆಗ್ಗಣ ಬರುವುದು ಅದಕ್ಕೇ.”

ಹೊಂಬಾಳಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಮುದ್ದೀರವ್ವ ಗಂಡನನ್ನು ಕಳೆದುಕೊಂಡು ಹೆಗ್ಗಣಕ್ಕೆ ಬಡಿಸುತ್ತಾ ಕೂತಿದ್ದಾಳಂತೆ ಅಂತ ಮಧ್ಯಾಹ್ನದೊಳಗೆ ಬೀದಿಯೆಲ್ಲ ನಕ್ಕಿತು. ಮುದ್ದೀರವ್ವನಿಗೆ ಕಂದು ಮರಿ ಹೋದದ್ದಕ್ಕಿಂತ ಆ ನಗು ಹೆಚ್ಚು ಉರಿಯಿತು. ಕುದುರೆ ಹೇಳಿದ್ದು ನಿಜವೋ ಸುಳ್ಳೋ ಅಂತ ಅವಳು ಯೋಚಿಸಲೇ ಇಲ್ಲ. ಯಾರ ಮುಂದೆ ಹೇಳಿತು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನೆಟ್ಟಗೆ ಮಾಟಗಾರನ ಹತ್ತಿರ ಹೋದಳು.

ಮಾಟಗಾರನ ಹೆಸರು ತೊಗಲುಸಿದ್ಧ. ಊರಾಚೆ ಹುತ್ತಗಳ ನಡುವಿನ ಗವಿಯಲ್ಲಿ ಇದ್ದ. ಗಿಡ್ಡ ಮನುಷ್ಯ, ಉಬ್ಬಿದ ಹೊಟ್ಟೆ, ಎಣಿಸಬಹುದಾದಷ್ಟು ಮೀಸೆ. ಮೈತುಂಬ ತೊಗಲು ಹೊದ್ದಿದ್ದ. ಆ ತೊಗಲಿನಿಂದ ನೆನೆದ ಹುರುಳಿಯ ವಾಸನೆ ಹೊಡೆಯುತ್ತಿತ್ತು. ಮುದ್ದೀರವ್ವನಿಗೆ ಅದು ದಿನಾ ತನ್ನ ಮನೆಯಲ್ಲೇ ಇರುವ ವಾಸನೆ, ಬೇರೆ ಅನ್ನಿಸಲೇ ಇಲ್ಲ.

ಹೆಗ್ಗಣ ಹೋಗಬೇಕಾದರೆ ನಿನ್ನ ಕುದುರೆಗಳ ಮಾತು ಕೊಡು ಅಂದ ಅವನು.

“ತಗೊಳ್ಳಿ ಸ್ವಾಮಿ. ಆ ಬಾಯಿಂದ ನಾನು ಕಂಡ ಸುಖ ಅಷ್ಟರಲ್ಲೇ ಇದೆ” ಅಂದಳು.

ಅವನು ಬೂದಿಯಿಂದ ಒಂದು ಬೆಕ್ಕು ಮಾಡಿ ಕೊಟ್ಟ. ಬೆಕ್ಕು ಬಂದು ಗೋದಲಿ ನೋಡಿತು, ಹೆಗ್ಗಣಗಳ ಪಕ್ಕದಲ್ಲೇ ಕೂತು ಹುರುಳಿ ತಿಂದಿತು, ಗುಂಡಗಾಗಿ ಮಲಗಿತು. ಕುದುರೆಗಳು ಮೂಕವಾದವು. ಇನ್ನಷ್ಟು ಕುದುರೆ ಬಿಲಕ್ಕೆ ಕಾಲಿಟ್ಟು ಮುಂದಿನ ಮಳೆಗೆ ಕರಗಿದವು.

ಎರಡನೆಯ ಸಲ ಹೋದಳು. ನಿನ್ನ ನಿದ್ದೆ ಕೊಡು ಅಂದ. ಕೊಟ್ಟಳು. ಅವನು ತಾನೇ ಬಡಿದುಕೊಳ್ಳುವ ಒಂದು ತಮಟೆ ಕೊಟ್ಟ. ತಮಟೆ ಬಡಿಯಿತು. ಹೆಗ್ಗಣಗಳು ತಲೆ ಎತ್ತಿ ಕೇಳಿ, ಮತ್ತೆ ಗೋದಲಿಗೆ ಬಾಯಿ ಹಾಕಿದವು. ಬೆದರಿದ್ದು ಕುದುರೆಗಳು. ಕಟ್ಟು ಹರಿದುಕೊಂಡು ಬಯಲಿಗೆ ಓಡಿದವು, ಬಿಲಗಳು ಅವುಗಳ ಕಾಲಿಗೆ ಎದುರಾಗಿ ನಡೆದು ಬಂದವು. ಬೆಳಗಾದಾಗ ಬಯಲಿನ ತುಂಬ ಮಣ್ಣಿನ ಕುದುರೆಗಳು, ಕತ್ತು ಚಾಚಿ ಓಡುವ ಭಂಗಿಯಲ್ಲೇ ನಿಂತಿದ್ದವು. ಲಾಯದಲ್ಲಿ ಉಳಿದದ್ದು ಬೆಳ್ಳಕ್ಕಿ ಒಂದೇ, ಹೊಟ್ಟೆ ಭಾರವಾಗಿ ಓಡಲಾಗದೆ.

ಮಾತಿಲ್ಲದ ಬೆಳ್ಳಕ್ಕಿ ಈಗ ದಿನವೂ ಸಂಜೆ ಮೂತಿಯಿಂದ ಗೋದಲಿಯನ್ನು ಮಗುಚಿ ಹಾಕುತ್ತಿತ್ತು. ಮುದ್ದೀರವ್ವ ಅದರ ಮೂತಿಗೆ ಹೊಡೆದು ಮತ್ತೆ ತುಂಬುತ್ತಿದ್ದಳು. ಒಂದು ಕುದುರೆಗೆ ಒಂದು ಮಂದೆಯ ಹುರುಳಿ. ಕುದುರೆ ಹೋದರೂ ಗೋದಲಿ ಹಾಗೇ ಇದೆ ಅಂತ ಬೀದಿ ನೋಡಲಿ ಅಂತ.

ಮೂರನೆಯ ಸಲ ತೊಗಲುಸಿದ್ಧನೇ ಲಾಯಕ್ಕೆ ಬಂದ. ಹೊಟ್ಟೆ ಮೊದಲಿಗಿಂತ ದಪ್ಪವಾಗಿತ್ತು. ಗೋದಲಿಯ ಅಂಚಿನ ಮೇಲೆ ಕೂತು, ಹುರುಳಿ ಮುಕ್ಕುತ್ತಾ, ಇದರ ಹೊಟ್ಟೆಯಲ್ಲಿರುವ ಮರಿಯನ್ನು ನನಗೆ ಕೊಡು, ಎಲ್ಲ ಹೆಗ್ಗಣವನ್ನೂ ಕರೆದುಕೊಂಡು ಹೋಗುತ್ತೇನೆ ಅಂದ. ಮುದ್ದೀರವ್ವ ಬೆಳ್ಳಕ್ಕಿಯ ಕಡೆ ನೋಡಲಿಲ್ಲ. ನಿದ್ದೆಯಿಲ್ಲದ ಕಣ್ಣು ನೆಲದ ಮೇಲಿತ್ತು.

“ಆಗಲಿ” ಅಂದಳು.

ಕುದುರೆಗೆ ಬಾಯಿ ಹೋಗಿತ್ತು, ಕಿವಿ ಹೋಗಿರಲಿಲ್ಲ. ಬೆಳ್ಳಕ್ಕಿ ಹಗ್ಗ ಕಿತ್ತುಕೊಂಡು, ಆ ಭಾರದ ಹೊಟ್ಟೆ ಹೊತ್ತುಕೊಂಡೇ ಬಯಲಿಗೆ ಓಡಿತು. ಮುದ್ದೀರವ್ವ ಬೆಳ್ಳಕ್ಕೀ ಬೆಳ್ಳಕ್ಕೀ ಅಂತ ಕೂಗುತ್ತಾ ಹಿಂದೆ ಓಡಿದಳು. ಕುದುರೆ ತಿರುಗಿ ನೋಡಲಿಲ್ಲ. ಹೊಂಗೆ ಮರ ದಾಟುವ ಮೊದಲೇ ಬಿಲವೊಂದು ಎದುರು ಬಂದು ನಿಂತಿತು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಹತ್ತಿರ ಹೋಗಿ ಮುಟ್ಟಿದರೆ ತಣ್ಣನೆಯ ಮಣ್ಣು. ಹೊಟ್ಟೆಗೆ ಕಿವಿ ಇಟ್ಟಳು. ಒಳಗೂ ಮಣ್ಣೇ.

ಪಡುವಣದಲ್ಲಿ ಮೋಡ ಕಪ್ಪಾಗಿತ್ತು.

ಅವಳು ಹೆಗಲ ಮೇಲಿದ್ದ ಕಂಬಳಿ ತೆಗೆದು ಮಣ್ಣಿನ ಕುದುರೆಗೆ ಹೊದಿಸಿದಳು. ಸಾಲಲಿಲ್ಲ. ಸೀರೆಯ ಸೆರಗು ಬಿಚ್ಚಿ ಕತ್ತಿಗೆ ಸುತ್ತಿದಳು. ಹನಿ ಬಿದ್ದಾಗ ಹೊಟ್ಟೆಯ ಭಾಗಕ್ಕೆ ತಾನೇ ಕವುಚಿಕೊಂಡಳು. ಬೀದಿಯವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಮಾನ ಮರ್ಯಾದೆ ಅಂತ ಸಾಯುತ್ತಿದ್ದವಳು ಬರಿಯ ಬೆನ್ನಿನಲ್ಲಿ ಬಯಲಿನ ನಡುವೆ ಬಿದ್ದಿದ್ದಳು. ನನ್ನನ್ನು ಕರಗಿಸು, ಇದನ್ನು ಬಿಡು ಅಂತ ಮೋಡದ ಜೊತೆ ಮಾತಾಡುತ್ತಿದ್ದಳಂತೆ. ಮೋಡ ಯಾರ ಮಾತು ಕೇಳುತ್ತದೆ? ಮಳೆ ಸುರಿಯಿತು. ಬೆಳ್ಳಕ್ಕಿಯ ಒಂದು ಕಿವಿ ಕರಗಿ ಅವಳ ಕೈಗೇ ಬಂತು.

ಹೊತ್ತು ಮುಳುಗಿತು. ಅವಳ ಮನೆಯಲ್ಲಿ ಗೋದಲಿಗೆ ಹುರುಳಿ ಹಾಕುವವರು ಯಾರೂ ಇರಲಿಲ್ಲ. ಮಾಟಗಾರ ತಿಂದು ಖಾಲಿ ಮಾಡಿದ್ದು ಹಾಗೇ ಇತ್ತು. ಆ ಮನೆಯ ಗೋದಲಿ ಬರಿದಾಗಿದ್ದು ಅದೇ ಮೊದಲ ಸಂಜೆ.

ಹೆಗ್ಗಣಗಳು ಬಂದವು. ಗೋದಲಿಯ ಕಲ್ಲು ನೆಕ್ಕಿದವು, ನೆಲ ನೆಕ್ಕಿದವು. ಒಂದನ್ನೊಂದು ನೋಡಿಕೊಂಡು ಮೂಲೆಯಲ್ಲಿ ಕೂತಿದ್ದ ತೊಗಲುಸಿದ್ಧನ ಕಡೆ ತಿರುಗಿದವು. ಆ ಹುರುಳಿಯೇ ಅವನ ಮಾಟದ ಬಲ. ಅದು ನಿಂತ ಗಳಿಗೆಗೆ ಹೊಟ್ಟೆ ಇಳಿಯಿತು, ತೊಗಲು ಜಾರಿತು. ಒಳಗಿದ್ದದ್ದು ಒಂದು ಮುದಿ ಹೆಗ್ಗಣ. ಉಳಿದವೆಲ್ಲ ಅದನ್ನು ಅಟ್ಟಿಸಿಕೊಂಡು ಬಿಲದೊಳಗೆ ಹೋದವು. ಬಿಲ ಬಾಯಿ ಮುಚ್ಚಿತು, ಮತ್ತೆ ತೆರೆಯಲಿಲ್ಲ.

ಬಯಲಿನಲ್ಲಿ ಮಣ್ಣು ಬಿರಿಯಿತು. ಬೆಳ್ಳಕ್ಕಿ ಉಸಿರು ಬಿಟ್ಟು ಎದ್ದು ನಿಂತಿತು, ಒಂದೇ ಕಿವಿಯಲ್ಲಿ, ಕುಂಟುಗಾಲಿನಲ್ಲಿ. ಅದರ ಮರಿ ಅಲ್ಲೇ ಹುಟ್ಟಿತು. ಮಿಕ್ಕ ಕುದುರೆಗಳನ್ನು ಆ ಮಳೆ ಆಗಲೇ ಹುಲ್ಲಿಗೆ ಸೇರಿಸಿತ್ತು. ಅವು ಬರಲಿಲ್ಲ.

ಮಾಟ ಕಳೆಯಿತು ಅಂತ ರಾಜರು ಡಂಗುರ ಹೊಡೆಸಿದರು, ನಾಡೆಲ್ಲ ಹೋಳಿಗೆ ತಿಂದಿತು. ಹೊತ್ತು ಮುಳುಗುವ ಮೊದಲು ಗೋದಲಿ ತೊಳೆದು ಕವುಚಿ ಹಾಕುವುದೇ ಆಮೇಲೆ ಪದ್ಧತಿಯಾಯಿತು. ಎಲ್ಲರೂ ಸುಖವಾಗಿದ್ದರು. ಮುದ್ದೀರವ್ವನಿಗೆ ನಿದ್ದೆ ತಿರುಗಿ ಬಂತು, ಕುದುರೆಗೆ ಮಾತು ತಿರುಗಿ ಬಂತು. ಹೊತ್ತು ಹುಟ್ಟುವಾಗ ಬೆಳ್ಳಕ್ಕಿ ಮರಿಯ ಕಿವಿಯಲ್ಲಿ ಪಿಸುಗುಡುವುದು ಅವಳಿಗೆ ಕೇಳಿಸುತ್ತಿತ್ತು. ಇವಳು ಹತ್ತಿರ ಹೋದರೆ ಎರಡೂ ಸುಮ್ಮನಾಗುತ್ತಿದ್ದವು. ಬೆಲ್ಲ ಹಿಡಿದಳು, ಕಾಲಿಗೆ ಎಣ್ಣೆ ತಿಕ್ಕಿದಳು, ಅತ್ತಳು. ಒಂದು ಮಾತಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ಬೆಂಕಿ ಕೇಳಲು ಬಂದ ಹೊಂಬಾಳಕ್ಕನ ಕೈ ಹಿಡಿದುಕೊಂಡು, ನನ್ನ ಕುದುರೆ ನನ್ನ ಜೊತೆ ಯಾಕಕ್ಕ ಮಾತಾಡಲ್ಲ ಅಂತ ಕೇಳಿದಳು.

ಹೊಂಬಾಳಕ್ಕ ಕೆಂಡದ ಚಿಪ್ಪನ್ನು ಕೆಳಗಿಟ್ಟು, ಅವಳ ಮುಖ ನೋಡಿಯೇ ಅಂದಳು:

“ಮುದ್ದೀ, ಹೆಗ್ಗಣ ಯಾಕೆ ಬರುತ್ತವೆ ಅಂತ ನಮ್ಮ ಬೀದಿಗೆಲ್ಲ ಗೊತ್ತಿತ್ತು ಕಣೆ. ನಿನ್ನ ಕುದುರೆ ಒಂದು ಸಲ ಹೇಳಿತು, ನೀನು ಅದರ ಬಾಯನ್ನೇ ಮಾರಿಕೊಂಡು ಬಂದೆ. ಆಮೇಲೆ ಯಾರು ಹೇಳುತ್ತಾರೆ? ನನಗೂ ಇರುವುದು ಒಂದೇ ಬಾಯಿ.”