ಹಾರ್ನ್ ಹಾಕದೆ ಪುತ್ತೂರಿಗೆ

ನನಗೆ ಸಿಟ್ಟು ಬಂದರೆ ಧ್ವನಿ ಮೂರು ಮನೆಯಾಚೆಗೂ ಕೇಳುತ್ತದೆ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಬಿಪಿ ಮಾತ್ರೆ ಅರ್ಧಕ್ಕೆ ಬಿಟ್ಟವರು, ಲಸಿಕೆಗೆ ಮಗುವನ್ನು ತರದವರು, ಎಲ್ಲರೂ ಅದರ ರುಚಿ ನೋಡಿದವರೇ. ಬೆಳ್ಳಾರೆ ಹತ್ತಿರದ ಒಂದು ಆರೋಗ್ಯ ಉಪಕೇಂದ್ರಕ್ಕೆ ನಾನೊಬ್ಬಳೇ ನರ್ಸ್. ಬೈಯದಿದ್ದರೆ ಅಲ್ಲಿ ಕೆಲಸ ನಡೆಯುವುದಿಲ್ಲ.

ಆದರೆ ಜೀವಮಾನದ ಅತಿ ದೊಡ್ಡ ಸಿಟ್ಟು ಬಂದ ದಿನ ನಾನು ಒಂದು ಮಾತನ್ನೂ ಗಟ್ಟಿಯಾಗಿ ಆಡುವಂತಿರಲಿಲ್ಲ.

ಅವತ್ತು ಆಟಿ ತಿಂಗಳ ಅಮಾವಾಸ್ಯೆ. ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಬೆಳಕು ಹರಿಯುವ ಮೊದಲೇ ಕಲ್ಲಿನಿಂದ ಜಜ್ಜಿ ತಂದು, ಬರಿ ಹೊಟ್ಟೆಗೆ ಕಷಾಯ ಕುಡಿಯುವ ದಿನ. ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಬರುವುದಿಲ್ಲವಂತೆ. ನಮ್ಮಲ್ಲಿ ಹಿರಿಯರು ಮೊದಲು ಕುಡಿಯಬೇಕು. ಅಜ್ಜಿ ಪೂವಮ್ಮ ಕುಡಿದರು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿಯ ದವಡೆ ಬಿಗಿದಿತ್ತು. ಅಪ್ಪನ ಕೈಯಿಂದ ಲೋಟ ಜಾರಿ ಠಣ್ಣೆಂದು ಬಿದ್ದದ್ದೇ ತಡ, ಅಜ್ಜಿಯ ಮೈ ಬಿಲ್ಲಿನ ಹಾಗೆ ಬಾಗಿತು. ಪ್ರಜ್ಞೆ ಪೂರ್ತಿ ಇತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು.

ಇದು ಪಾಲೆಯಲ್ಲ, ಕಾಸರಕ. ಎರಡೂ ಕಹಿ, ಕತ್ತಲಲ್ಲಿ ಕೈಗೆ ಎರಡೂ ಒಂದೇ. ಒಂದು ಮದ್ದು, ಇನ್ನೊಂದು ವಿಷ. ಆ ವಿಷ ಏರಿದವರಿಗೆ ಸಣ್ಣ ಸದ್ದೂ ಸಾಕು, ಮತ್ತೆ ಸೆಳೆತ ಬರುತ್ತದೆ.

"ಹುಣಸೆ ನೀರು ಕುಡಿಸುವಾ, ಕಕ್ಕಲಿ," ಎಂದು ಅಪ್ಪ ಕೂಗಿದರು.

"ಬೇಡ. ಬೊಬ್ಬೆ ಹಾಕ್ಬೇಡಿ. ಮುಟ್ಟುದೂ ಬೇಡ," ಎಂದು ಪಿಸುಗುಟ್ಟಿದೆ. ನನ್ನ ಉಪಕೇಂದ್ರದಲ್ಲಿ ಇದ್ದದ್ದು ಬಿಪಿ ಮೆಷಿನ್ ಮತ್ತು ನನ್ನ ಎರಡು ಕೈ. ಅಂಬುಲೆನ್ಸ್ ಕಡಬದ ಕಡೆ ಹೆರಿಗೆ ಕೇಸಿಗೆ ಹೋಗಿತ್ತು, ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಕಾಯುವ ಸಮಯ ಅಜ್ಜಿಗೆ ಇರಲಿಲ್ಲ.

ಹಾಗಾಗಿ ಹರಿಪ್ರಸಾದನಿಗೆ ಫೋನ್ ಮಾಡಿದೆ.

ಹರಿಪ್ರಸಾದನದ್ದು ಗಿಡಗಳ ನರ್ಸರಿ. ಎರಡು ವರ್ಷದ ಹಿಂದೆ ಕಾಲಿಗೆ ಮೊಳೆ ಚುಚ್ಚಿಸಿಕೊಂಡು ಬಂದು, ನನ್ನ ಸಿರಿಂಜ್ ನೋಡಿಯೇ ಎಚ್ಚರ ತಪ್ಪಿದ ಗಂಡಸು. ಕಣ್ಣು ಬಿಟ್ಟವನು, "ನೀವು ಬೈತಾ ಇರಿ ಸಿಸ್ಟರ್, ಬೈದ್ರೆ ಹೆದರಿಕೆ ಗೊತ್ತಾಗುದಿಲ್ಲ," ಎಂದಿದ್ದ. ಅವತ್ತಿನಿಂದ ನಾನು ಬೈಯುತ್ತಲೇ ಇದ್ದೇನೆ. ಕಳೆದ ತಿಂಗಳು ಮನೆಗೆ ಬಂದು ಅಪ್ಪನ ಹತ್ತಿರ ನನ್ನನ್ನು ಕೇಳಿದ. "ಗಿಡ ಮಾರುವವನಿಗೆ ನನ್ನ ಮಗಳಾ?" ಎಂದರು ನನ್ನಪ್ಪ ಬೆಳ್ಯಪ್ಪ. ಅಲ್ಲಿಗೆ ಮಾತು ಮುಗಿದಿತ್ತು.

ಪ್ರತಿ ಆಟಿಗೆ ನಮ್ಮದೂ ಸೇರಿ ಸುತ್ತಲಿನ ಆರು ಮನೆಗೆ ಕೆತ್ತೆ ತರುವವನು ಅವನೇ. ಮುಂಚಿನ ದಿನ ಹಗಲಲ್ಲೇ ಮರ ನೋಡಿ ಗುರುತಿಗೆ ನೂಲು ಕಟ್ಟಿ ಬರುತ್ತಾನೆ. ಬೆಳಗಿನ ಜಾವ ತಂದು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾನೆ.

ಗಿಡ ಸಾಗಿಸುವ ಓಮ್ನಿಯಲ್ಲಿ ಐದೇ ನಿಮಿಷಕ್ಕೆ ಬಂದ. ಬಂದವನ ಕಾಲರ್ ಹಿಡಿದೆ.

"ಯಾವ ಮರದ್ದು ತಂದದ್ದು ನೀವು?" ನನ್ನ ಬಾಯಿಂದ ಬಂದದ್ದು ಬರೀ ಗಾಳಿ.

ಅವನು ಅಪ್ಪನ ಕಡೆ ನೋಡಿದ. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಹರಿಪ್ರಸಾದ್ ತಲೆ ತಗ್ಗಿಸಿದ.

"ನನ್ನಿಂದ ತಪ್ಪಾಯ್ತು ದೀಪ್ತಿ."

ಅಳಲು ಸಮಯವಿರಲಿಲ್ಲ. ಅವನದೇ ಕೆತ್ತೆ ಎಂದಾದರೆ ಉಳಿದ ಐದು ಮನೆಗಳ ಗತಿ? ಆಶಾ ಕಾರ್ಯಕರ್ತೆ ಜುವೈರಿಯಾಳಿಗೆ ಮೆಸೇಜ್ ಹಾಕಿದೆ: ಓಡು, ಐದೂ ಮನೆಗೆ ಓಡು, ಯಾರೂ ಕಷಾಯ ಕುಡಿಯಬಾರದು.

ಓಮ್ನಿಯ ಹಿಂದೆ ಹಾಸಿಗೆ ಹಾಕಿ ಅಜ್ಜಿಯನ್ನು ಮಲಗಿಸಿದೆವು. ಅಪ್ಪ ಕಾಲಿನ ಹತ್ತಿರ ಕೂತರು, ನಾನು ತಲೆಯ ಹತ್ತಿರ.

"ಹಾರ್ನ್ ಹಾಕಿದ್ರೆ ಕೊಲ್ತೇನೆ," ಎಂದೆ.

"ಹಾಕುದಿಲ್ಲ."

"ಹೊಂಡಕ್ಕೆ ಇಳಿಸಿದ್ರೆ ಆಗಲೂ ಕೊಲ್ತೇನೆ."

"ಆಯ್ತು."

ಅಷ್ಟೊಂದು ತಿರುವುಗಳ ಪುತ್ತೂರು ರಸ್ತೆಯಲ್ಲಿ ಅವನು ಹಾರ್ನ್ ಇಲ್ಲದೆ ಓಡಿಸಿದ. ಪ್ರತಿ ತಿರುವಿನಲ್ಲೂ ಲೈಟ್ ಮಿಣುಕಿಸಿದ. ಎದುರು ಬಂದ ಬಸ್ಸಿಗೆ ಕಿಟಕಿಯಿಂದ ಕೈ ಮುಗಿದ. ಕನ್ನಡಿಯಲ್ಲಿ ಅವನ ಕಣ್ಣು ಆಗಾಗ ನನ್ನನ್ನು ಹುಡುಕುತ್ತಿತ್ತು. ನಾನು ಸಿಟ್ಟಿನಲ್ಲೇ ಕಣ್ಣು ತಿರುಗಿಸುತ್ತಿದ್ದೆ. ಆದರೂ ಪ್ರತಿ ಸಲ ಮತ್ತೆ ನೋಡುತ್ತಿದ್ದೆ. ಆ ಹೊತ್ತಿನಲ್ಲೂ ಹಾಗೆ ನೋಡಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು.

"ನಿಮ್ಮನ್ನು ನಂಬಿದ್ದೆ," ಎಂದು ಪಿಸುಗುಟ್ಟಿದೆ. "ಮರ ನಿಮಗೆ ಗೊತ್ತುಂಟು ಅಂತ ಊರಿಡೀ ಹೇಳಿದವಳು ನಾನು."

ಅವನು ಮುಂದಿನ ತಿರುವಿಗೆ ಲೈಟ್ ಮಿಣುಕಿಸಿದ. ಅದು ನನಗೆ ಇನ್ನೂ ಉರಿ ಹತ್ತಿಸಿತು.

ಕೆದಂಬಾಡಿ ದಾಟುವಾಗ ಫೋನ್ ನಡುಗಿತು. ಜುವೈರಿಯಾ ಬರೆದಿದ್ದಳು: "ಐದೂ ಮನೆಯವರು ಆರು ಗಂಟೆಗೇ ಕುಡ್ದಾಗಿದೆ. ಈಗ ಮೆಂತೆ ಗಂಜಿ ಉಣ್ತಾ ಇದ್ದಾರೆ. ಯಾರಿಗೂ ಎಂತದ್ದೂ ಇಲ್ಲ. ಹರಿಯಣ್ಣನ ಮನೆಯಲ್ಲೂ ಕುಡ್ದದ್ದು ಅದನ್ನೇ. ಓಡುವಾಗ ನಾನು ಬಿದ್ದೆ, ಮೊಣಕಾಲು ಒಡೆದಿದೆ."

ಎರಡು ಸಲ ಓದಿದೆ. ಐದು ಮನೆಗೆ ಮದ್ದಾದದ್ದು ನಮ್ಮ ಮನೆಗೆ ಮಾತ್ರ ವಿಷವಾಗುವುದು ಹೇಗೆ? ಅಪ್ಪನ ಕೈ ನೋಡಿದೆ. ಉಗುರಿನೊಳಗೆ ಕೆತ್ತೆಯ ಚೂರು ಸಿಕ್ಕಿಕೊಂಡಿತ್ತು.

"ಅಪ್ಪಾ, ಕೆತ್ತೆ ತಂದದ್ದು ಯಾರು?"

ಅಪ್ಪ ಕೈಯನ್ನು ಪಂಚೆಯೊಳಗೆ ಮುಚ್ಚಿಕೊಂಡರು. ಆಮೇಲೆ ಅವರೂ ಪಿಸುಗುಟ್ಟಿದರು. "ನಾನು. ಅವ ಇಟ್ಟು ಹೋದದ್ದನ್ನು ತೋಡಿನ ನೀರಿಗೆ ಬಿಸಾಡಿದೆ. ಅವನ ಕೈಯ ಮದ್ದು ಕುಡಿದ್ರೆ ಅವನ ಮಾತಿಗೆ ಒಪ್ಪಿದ ಹಾಗೆ ಅಲ್ವಾ? ನಾನೇ ತರ್ತೇನೆ ಅಂತ ಕತ್ತಲಲ್ಲಿ ಹೋದೆ."

ಆಗ ನನಗೆ ಯಾರನ್ನು ಮೊದಲು ಬೈಯಬೇಕೆಂದೇ ತಿಳಿಯಲಿಲ್ಲ. ಕನ್ನಡಿಯ ಕಡೆ ತಿರುಗಿದೆ.

"ಯಾಕೆ ಸುಳ್ಳು ಹೇಳಿದ್ದು?"

"ಅವರ ತಾಯಿ ಅಲ್ವಾ ದೀಪ್ತಿ. ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

"ಆಗದಿದ್ರೆ ರಸ್ತೆ ನೋಡಿ! ದೊಡ್ಡ ತ್ಯಾಗ ಮಾಡಿದ್ರಲ್ಲ? ಜುವೈರಿಯಾ ಮೊಣಕಾಲು ಒಡ್ಕೊಂಡ್ಳು. ಐದು ಮನೆಯವರಿಗೆ ಜೀವ ಬಾಯಿಗೆ ಬಂತು. ನರ್ಸಿನ ಹತ್ರ, ಡಾಕ್ಟ್ರ ಹತ್ರ ಸುಳ್ಳು ಹೇಳುದು ತ್ಯಾಗ ಅಲ್ಲ, ಅಪರಾಧ. ಇನ್ನೊಂದು ಸಲ ಹೀಗೆ ಒಳ್ಳೆಯವರಾದ್ರೆ ನಿಮ್ಮ ಮುಖವನ್ನೂ ನೋಡುದಿಲ್ಲ."

ಇಷ್ಟೆಲ್ಲ ಪಿಸುಮಾತಿನಲ್ಲೇ ಬೈದೆ. ಗಂಟಲು ನೋಯುತ್ತಿತ್ತು. ಅಜ್ಜಿಯ ಕಣ್ಣು ನಮ್ಮಿಬ್ಬರ ನಡುವೆ ಓಡಾಡುತ್ತಿತ್ತು.

ಪುತ್ತೂರಿನ ಆಸ್ಪತ್ರೆಯಲ್ಲಿ ಅಪ್ಪನೇ ಮುಂದೆ ಹೋಗಿ, "ಕಾಸರಕದ ಕೆತ್ತೆ, ನಾನೇ ಕುದಿಸಿದ್ದು," ಎಂದು ಡಾಕ್ಟರಿಗೆ ಹೇಳಿದರು. ಅಜ್ಜಿಯನ್ನು ಸದ್ದಿಲ್ಲದ ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಬೆಳಗಿನಿಂದ ಸಂಜೆಯವರೆಗೆ ನಾವು ಮೂವರು ಒಂದೇ ಬೆಂಚಿನಲ್ಲಿ ಕೂತೆವು.

ನಾಲ್ಕು ಗಂಟೆಗೆ ಡಾಕ್ಟರ್ ಹೊರಗೆ ಬಂದರು. "ಬದುಕ್ತಾರೆ. ಸದ್ದಿಲ್ಲದೆ ತಂದದ್ದು ಒಳ್ಳೆದಾಯ್ತು."

ನಾನು ಹರಿಪ್ರಸಾದನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ಗೇಟು ದಾಟಿ, ರಸ್ತೆಯಾಚೆಯ ಬಸ್ ಸ್ಟ್ಯಾಂಡ್ ತಲುಪುವವರೆಗೂ ಬಿಡಲಿಲ್ಲ. ಬೆಳಗಿನಿಂದ ಅದುಮಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು.

"ನಿಮಗೆ ಬುದ್ಧಿ ಉಂಟಾ ಮಾರಾಯ್ರೆ? ಅಜ್ಜಿಯನ್ನು ಕೊಂದದ್ದು ನೀವು ಅಂತ ಜೀವನಪೂರ್ತಿ ದ್ವೇಷ ಮಾಡ್ತಿದ್ದೆ! ನಿಮ್ಮನ್ನು ಇಷ್ಟು ಪ್ರೀತಿ ಮಾಡ್ತೇನೆ, ಗೊತ್ತಾಗುದಿಲ್ವಾ?"

ಬಸ್ಸಿಗೆ ಕಾಯುತ್ತಿದ್ದ ಹದಿನೈದು ಮಂದಿ ತಿರುಗಿ ನೋಡಿದರು. ಹರಿಪ್ರಸಾದನ ಕಣ್ಣು ತುಂಬಿತ್ತು, ತುಟಿಯಲ್ಲಿ ಮಾತ್ರ ಆ ಹಳೆಯ ತುಂಟ ನಗು.

"ಇನ್ನೊಮ್ಮೆ ಹೇಳಿ ಸಿಸ್ಟರ್. ಪಿಸುಮಾತಿನಲ್ಲಿ."

"ಹೇಳುದಿಲ್ಲ," ಎಂದೆ. ಕೈ ಮಾತ್ರ ಬಿಡಲಿಲ್ಲ. ಅಷ್ಟು ಜನರ ಮುಂದೆ ಅಳುತ್ತಾ ನಿಂತೆ.

ಮಾರನೆಯ ಬೆಳಿಗ್ಗೆ ಅಜ್ಜಿಗೆ ಮಾತು ಬಂತು. ಮೊದಲು ಕರೆದದ್ದು ಅಪ್ಪನನ್ನು.

"ಬೆಳ್ಯಪ್ಪ, ದಾರಿಯಿಡೀ ಎಲ್ಲ ಕೇಳಿದ್ದೇನೆ ನಾನು. ಮದ್ದು ಕುಡಿದದ್ದಲ್ಲ ಮಗಾ. ನಿನ್ನ ಹಠ ಕುಡಿದದ್ದು."

ಅಪ್ಪ ಅಜ್ಜಿಯ ಪಾದ ಹಿಡಿದು ಕೂತರು. ಬಾಗಿಲಲ್ಲಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದ ಹರಿಪ್ರಸಾದನ ಕಡೆ ತಿರುಗಿದರು.

"ಬರುವ ಆಟಿಗೆ ನಮ್ಮ ಮನೆಗೂ ತಾ," ಎಂದರು. "ಮೆಟ್ಟಿಲ ಮೇಲೆ ಇಟ್ಟು ಹೋಗುದು ಬೇಡ. ಒಳಗೆ ಬಂದು ಕೊಡು."