ಕ್ಯಾಮೆರಾಗೆ ತಪ್ಪು ಅನ್ನಿಸದ್ದು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. ಕಾಲು ಕಳುವಾಗಿದೆ ಎಂದು ಬಂದವರು ಹೇಳಿದ್ದರು. ಹಾಗೆ ಹೇಳಿದವರು ಎರಡು ಕಾಲಿನ ಮೇಲೂ ಚೆನ್ನಾಗಿಯೇ ನಿಂತಿದ್ದರು.

"ಯಾರ ಕಾಲು?"

"ಒಬ್ಬರು ಪೋಸ್ಟ್‌ಮ್ಯಾನ್‌ದು. ಎಡಗಾಲು. ಇವತ್ತು ಹಾಕಿ ನಡೆಸಿ ನೋಡ್ಬೇಕಿತ್ತು."

ದೂರುದಾರರು ಕೃತಕ ಕಾಲು ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರು. ಹಿಂದಿನ ತಿಂಗಳು ಒಂದು ಮಂಡಿಕೀಲು ಕಾಣೆಯಾದಾಗ ಎಲ್ಲೋ ಇಟ್ಟು ಮರೆತೆವೆಂದು ಸುಮ್ಮನಾಗಿದ್ದರು. ನಿನ್ನೆ ಪೂರಾ ಕಾಲೇ ಹೋಗಿತ್ತು. ಎರಡೂ ಸಲ ಮಧ್ಯಾಹ್ನದ ಊಟದ ಹೊತ್ತು. ಎರಡೂ ಸಲ ಕಪಾಟಿನ ಮೇಲಿನ ಕ್ಯಾಮೆರಾ ಅಷ್ಟು ಹೊತ್ತು ಕಣ್ಣು ಮುಚ್ಚಿತ್ತು. ಕಪಾಟಿನ ಕೀಲಿ ಇರುವುದು ಕಾಲುಗಳಿಗೆ ಪಾಲಿಶ್ ಮಾಡುವ ಹೆಂಗಸಿನ ಬಳಿ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು.

"ಹೇಳೋಕೇ ಬಾಯಿ ಬರ್ತಿಲ್ಲ ಸಾರ್," ಎಂದರು ಮಾಲೀಕರು. "ಆದ್ರೆ ಬೇರೆ ಯಾರು?"

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಇಬ್ಬರು ಪಂಚರೊಂದಿಗೆ ಸ್ಥಳಕ್ಕೆ ಹೋದರು. ಒಳಗೆಲ್ಲ ಒದ್ದೆ ಪ್ಲಾಸ್ಟರಿನ ವಾಸನೆ. ಸೂರಿನಿಂದ ಸಾಲಾಗಿ ಇಳಿಬಿಟ್ಟಿದ್ದ ಕಾಲುಗಳಲ್ಲಿ ಒಂದು ತಲೆಗೆ ತಾಗಿದಾಗ ಹೆಡ್ ಕಾನ್‌ಸ್ಟೇಬಲ್ ಅದಕ್ಕೇ ಕ್ಷಮೆ ಕೇಳಿದರು. ಬೀಗ ಒಡೆದಿರಲಿಲ್ಲ, ಗೀರು ಕೂಡ ಬಿದ್ದಿರಲಿಲ್ಲ. ಹಾಗೆಂದೇ ಪಂಚನಾಮೆಯಲ್ಲಿ ಬರೆಯಲಾಯಿತು.

ಅಕ್ಕನ ವಿಚಾರಣೆ ಬೇಗ ಮುಗಿಯಿತು.

"ಕೀ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಹಿತ್ತಲ ಮೆಟ್ಟಿಲ ಮೇಲೆ, ಒಬ್ಬಳೇ. ಸಾಕ್ಷಿ ಬೇಕಾಗತ್ತೆ ಅಂತ ಗೊತ್ತಿದ್ರೆ ಕಾಗೆ ಹತ್ರ ಸಹಿ ಹಾಕಿಸ್ಕೋತಿದ್ದೆ."

ತಮಾಷೆಯೇನೋ ಮಾಡಿದರು, ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಕಳ್ಳಿ ಅನ್ನಿಸಿಕೊಂಡು ಇಲ್ಲಿಂದ ಹೊರಬಿದ್ದರೆ ತನಗೆ ಇನ್ಯಾರೂ ಬಾಗಿಲು ತೆರೆಯುವುದಿಲ್ಲ ಎಂದರು. ಇನ್‌ಸ್ಪೆಕ್ಟರ್ ಕೀಲಿಯನ್ನು ಅವರ ಕಡೆಗೇ ಸರಿಸಿ, ಕೆಲಸಕ್ಕೆ ಎಂದಿನಂತೆ ಬರುತ್ತಿರಲು ಹೇಳಿದರು.

ಕ್ಯಾಮೆರಾ ನೋಡಿಕೊಳ್ಳುವುದು ಮಾಲೀಕರ ತಮ್ಮ. ಲೆಕ್ಕಪತ್ರ, ಕಂಪ್ಯೂಟರು ಎಲ್ಲ ಆತನದೇ. ವಿನಯವಾಗಿಯೇ ಮಾತಾಡಿದ. ಕ್ಯಾಮೆರಾ ಹಳೆಯದಾಗಿ ಕೆಟ್ಟಿದೆ, ಆಗಾಗ ತಾನೇ ನಿಂತು ತಾನೇ ಶುರುವಾಗುತ್ತದೆ ಎಂದ. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಅದರ ಸೆಟ್ಟಿಂಗು ತೆರೆಸಿ ನೋಡಿದಳು. ತನಗೆ ಏನೇನಾಯಿತೆಂದು ಅದು ಬರೆದಿಟ್ಟುಕೊಳ್ಳುವ ಲಾಗ್ ಒಂದಿತ್ತು, ಆದರೆ ಮರುಶುರುವಾದಾಗಲೆಲ್ಲ ಅದು ಅಳಿಸಿಹೋಗುತ್ತಿತ್ತು. ಆ ಲಾಗನ್ನು ಬರೆದ ಕ್ಷಣವೇ ಬೇರೊಂದು ಕಂಪ್ಯೂಟರಿಗೆ ಕಳಿಸುತ್ತಿರುವಂತೆ ಮಾಡಬಹುದು ಎಂದು ಅವಳು ಇನ್‌ಸ್ಪೆಕ್ಟರ್ ಕಿವಿಯಲ್ಲಿ ಹೇಳಿದಳು.

ಕ್ಯಾಮೆರಾದ ಪಾಸ್‌ವರ್ಡ್ ಗೊತ್ತಿದ್ದದ್ದು ಅಣ್ಣ ತಮ್ಮ ಇಬ್ಬರಿಗೇ. ಮರುದಿನ ಚರ್ಮದ ಪಟ್ಟಿ ತರಲು ತಮ್ಮನನ್ನು ಹೊರಗೆ ಕಳಿಸುವಂತೆ ಮಾಲೀಕರಿಗೆ ಹೇಳಿ, ಮನೆಯಲ್ಲೂ ಬಾಯಿ ಬಿಡಬಾರದೆಂದು ಇನ್‌ಸ್ಪೆಕ್ಟರ್ ಮಾತು ತೆಗೆದುಕೊಂಡರು. ಕಾನ್‌ಸ್ಟೇಬಲ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಠಾಣೆಯ ಕಂಪ್ಯೂಟರಿನ ವಿಳಾಸ ಹಾಕಿದಳು. ಅಲ್ಲಿನ ವೈಫೈಗೆ ಯಾರ ಯಾರ ಫೋನು ಸೇರಿದೆ, ಯಾವುದಕ್ಕೆ ಯಾವ ವಿಳಾಸ ಎಂಬುದನ್ನೂ ಗುರುತು ಹಾಕಿಕೊಂಡಳು. ಎಂಥ ಸಂಗತಿಗಳನ್ನು ಕಳಿಸಲಿ ಎಂದು ಸೆಟ್ಟಿಂಗು ಕೇಳಿತು. ಕಸವೆಲ್ಲ ಏಕೆಂದು ಅವಳು 'ದೋಷ ಮಾತ್ರ' ಎಂದು ಒತ್ತಿದಳು.

ಹತ್ತೊಂಬತ್ತರಂದು ಕಪಾಟಿನಿಂದ ಎರಡು ಪಾದ ಹೋದವು. ಕ್ಯಾಮೆರಾ ಅರ್ಧ ಗಂಟೆ ಕತ್ತಲೆ. ಠಾಣೆಯ ಕಂಪ್ಯೂಟರಿಗೆ ಒಂದೇ ಒಂದು ಸಾಲೂ ಬಂದಿರಲಿಲ್ಲ.

ಮಾಲೀಕರು ಮೊದಲ ಬಾರಿಗೆ ದನಿ ಏರಿಸಿದರು. ಸಂಜೆಯೊಳಗೆ ಅಕ್ಕನನ್ನು ಬಂಧಿಸದಿದ್ದರೆ ಮೇಲಿನವರ ಬಳಿ ಹೋಗುತ್ತೇನೆ ಎಂದರು. ಅಕ್ಕನನ್ನು ಕರೆಸಿ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾಯಿತು. ಇನ್‌ಸ್ಪೆಕ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ಬಂಧನದ ಕಾಗದ ಬರೆಯತೊಡಗಿದಾಗ ಕಾನ್‌ಸ್ಟೇಬಲ್ ಎದ್ದು ಬಂದಳು.

"ಸಾರ್, ಏನಾದ್ರೂ ಕೆಟ್ರೆ ಹೇಳು ಅಂತ ನಾನು ಕ್ಯಾಮೆರಾಗೆ ಹೇಳಿದ್ದೆ. ಏನೂ ಕೆಟ್ಟಿಲ್ಲ."

"ಅಂದ್ರೆ?"

"ಪಾಸ್‌ವರ್ಡ್ ಹಾಕಿ ಆಫ್ ಮಾಡಿದ್ರೆ ಅದಕ್ಕೆ ಅದು ತಪ್ಪು ಅನ್ಸೋದೇ ಇಲ್ಲ. ಮನೆಯವರು ದೀಪ ಆರಿಸಿದ ಹಾಗೆ."

ಇನ್‌ಸ್ಪೆಕ್ಟರ್ ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. ಹಾಗಾದರೆ ಕ್ಯಾಮೆರಾ ಕೆಟ್ಟಿದೆ ಎಂದವನು ಸುಳ್ಳು ಹೇಳಿದ್ದ. ಅಕ್ಕನಿಗೆ ಪಾಸ್‌ವರ್ಡೂ ಗೊತ್ತಿರಲಿಲ್ಲ, ಹತ್ತಿರ ಇದ್ದದ್ದೂ ಕ್ಯಾಮೆರಾ ಮುಟ್ಟಲಾಗದ, ಗುಂಡಿ ಒತ್ತುವ ಹಳೇ ಫೋನು. ಕಾಗದವನ್ನು ಮೇಜಿನ ಖಾನೆಗೆ ಹಾಕಿ, ಅಕ್ಕನನ್ನು ಮನೆಗೆ ಕಳಿಸಿ, ಮಾಲೀಕರಲ್ಲಿ ಇನ್ನು ಹತ್ತು ದಿನ ಬೇಡಿಕೊಂಡರು.

ಈ ಸಲ ಕಾನ್‌ಸ್ಟೇಬಲ್ ಸೆಟ್ಟಿಂಗನ್ನು 'ಎಲ್ಲ ಮಾಹಿತಿ' ಎಂದು ಬದಲಾಯಿಸಿದಳು. ಅಂದಿನಿಂದ ಕ್ಯಾಮೆರಾ ಬಾಯಿ ಮುಚ್ಚಲಿಲ್ಲ. ಪರದೆ ಅಲುಗಿದರೂ ಒಂದು ಸಾಲು, ಯಾರಾದರೂ ಹಾದುಹೋದರೂ ಒಂದು ಸಾಲು.

"ನಮ್ಮತ್ತೆನೇ ವಾಸಿ," ಎಂದರು ಹೆಡ್ ಕಾನ್‌ಸ್ಟೇಬಲ್. "ಅವರು ಉಸಿರಾಡೋಕಾದ್ರೂ ನಿಲ್ಲಿಸ್ತಾರೆ."

ಇಪ್ಪತ್ತೇಳರ ಮಧ್ಯಾಹ್ನ 1.12ಕ್ಕೆ ಎರಡು ಸಾಲು ಬೇರೆ ಥರ ಬಂದವು. ಪಾಸ್‌ವರ್ಡ್ ಹಾಕಿ ಒಬ್ಬರು ಒಳಬಂದರು, ರೆಕಾರ್ಡಿಂಗ್ ನಿಲ್ಲಿಸಿದರು. ಪಕ್ಕದಲ್ಲಿದ್ದ ವಿಳಾಸ ತಮ್ಮನ ಫೋನಿನದು. ಜೀಪು ಆಗಲೇ ಹೊರಟಿತ್ತು.

ಅವರು ಹೋದಾಗ ತಮ್ಮ ತೆರೆದ ಕಪಾಟಿನ ಮುಂದೆ ಬಟ್ಟೆ ಸುತ್ತಿದ ಕಾಲೊಂದನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ. ಬೀಗದಲ್ಲಿ ಹೊಸ ನಕಲಿ ಕೀಲಿ ನೇತಾಡುತ್ತಿತ್ತು. ಹಿತ್ತಲ ಮೆಟ್ಟಿಲ ಮೇಲೆ ಅಕ್ಕ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದರು, ಕೀಲಿ ಸೊಂಟದಲ್ಲೇ ಇತ್ತು. ಈ ಬಾರಿ ಸಾಕ್ಷಿಗೆ ಹೆಡ್ ಕಾನ್‌ಸ್ಟೇಬಲ್ ಇದ್ದರು, ಕಾಗೆಯೂ ಇತ್ತು.

ಲೆಕ್ಕದ ಕೋಣೆಯ ಅಟ್ಟದಿಂದ ಪಂಚರ ಸಮಕ್ಷಮ ಎಲ್ಲವನ್ನೂ ಇಳಿಸಲಾಯಿತು. ಮಂಡಿಕೀಲು, ಪಾದಗಳು, ಪೋಸ್ಟ್‌ಮ್ಯಾನ್‌ರ ಎಡಗಾಲು. ಒಂದೊಂದನ್ನೂ ಬೇರೆ ಬೇರೆ ಟವೆಲಿನಲ್ಲಿ ಜೋಪಾನವಾಗಿ ಸುತ್ತಿಡಲಾಗಿತ್ತು. ಮಾಲೀಕರು ಆ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲೂ ತರಚಿಲ್ಲವೆಂದು ಖಾತ್ರಿಯಾದ ಮೇಲೆ ನೆಲದ ಮೇಲೇ ಕೂತುಬಿಟ್ಟರು. ಆಮೇಲೆ ಎದ್ದು ಅಕ್ಕನ ಮುಂದೆ ಹೋಗಿ ನಿಂತರು.

"ಇರಲಿ ಬಿಡಿ," ಎಂದರು ಅಕ್ಕ. "ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

ಅಲ್ಲಿಯವರೆಗೆ ಅಳದವರು ಹಾಗೆಂದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ತಮ್ಮನನ್ನು 2.05ಕ್ಕೆ ಬಂಧಿಸಲಾಯಿತು.

"ಮಾರೋಕಾ?" ಎಂದರು ಇನ್‌ಸ್ಪೆಕ್ಟರ್.

"ಅಲ್ಲ."

"ಮತ್ತೆ?"

ಆತ ಒಂದು ದಿನ ಅಣ್ಣನ ಹತ್ತಿರ ಕಪಾಟಿನ ಕೀಲಿ ಕೇಳಿದ್ದನಂತೆ.

"ನಿನ್ನ ಕೈಗೆ ಕೊಟ್ರೆ ಕಳೆದುಹಾಕ್ತೀಯ ಅಂದ, ಎಲ್ಲರ ಮುಂದೆ. ಎಲ್ಲರೂ ನಕ್ರು. ಅಕ್ಕನೂ ನಕ್ರು. ನಂಗೆ ಕ್ಯಾಮೆರಾ ಕೊಟ್ಟ, ನೋಡ್ತಾ ಕೂತ್ಕೋ ಅಂತ. ಅಕ್ಕನ ಕೈಯಲ್ಲೂ ಕಳೆಯತ್ತೆ ಅಂತ ತೋರಿಸ್ಬೇಕಿತ್ತು, ಅಷ್ಟೇ."

ಇನ್‌ಸ್ಪೆಕ್ಟರ್ ಅದನ್ನು ಹೇಳಿದ್ದು ಹೇಳಿದಂತೆ ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿದರು. ಸಿಕ್ಕ ಸಾಮಾನೆಲ್ಲ ಮುದ್ದೆಮಾಲಾಗಿ ನ್ಯಾಯಾಲಯಕ್ಕೆ ಹೋಗುವುದಿತ್ತು. ಪೋಸ್ಟ್‌ಮ್ಯಾನ್‌ರ ಕಾಲನ್ನು ಮಾತ್ರ ಕೂಡಲೇ ಬಿಡಿಸಿಕೊಡಬೇಕೆಂದು ಅರ್ಜಿ ಸಿದ್ಧಪಡಿಸಿದರು.

ಠಾಣೆಯ ಕಂಪ್ಯೂಟರಿಗೆ ಬರುತ್ತಿದ್ದ ಲಾಗನ್ನು ನಿಲ್ಲಿಸಲು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ, ಕಾನ್‌ಸ್ಟೇಬಲ್ ಬೆರಳನ್ನು ಗುಂಡಿಯ ಮೇಲಿಡುವಷ್ಟರಲ್ಲಿ, ಒಂದು ಸಾಲು ಬಂತು: ಕಪಾಟಿನ ಮುಂದೆ ಚಲನೆ.

ಹೆಡ್ ಕಾನ್‌ಸ್ಟೇಬಲ್ ಗೋಡೆ ಗಡಿಯಾರ ನೋಡಿದರು.

"ಅಕ್ಕ ಕೆಲಸಕ್ಕೆ ಬಂದ್ರು," ಎಂದರು.